ಸಾಹೇಬನ ಮೂಗು

ಏಯ್, ಹೋಗ್ಬೇಡಿ, ಒಂದ್ನಿಮಿಷ ನಿಂತು ಇದನ್ನ ಕೇಳ್ಬಿಟ್ಟು ಹೋಗಿ. ಸೊಳ್ಳೆಗೆ, ಚಿಗಟಕ್ಕೆ ಅಂತ ಮನೇಲೇ ಎಣ್ಣೆ ಕಾಯಿಸೋರು ನಿಮ್ಮಲ್ಲಿ ಯಾರಾದ್ರೂ ಇದ್ರೆ, ಅವರಂತೂ ಕೂತ್ಕೊಂಡೇ ಕೇಳಿ.

ಗಡಿಯಾರ ರಿಪೇರಿಯವನ ಎದೆ ಅವತ್ತು ಅವನ ಅಂಗಡೀಲಿರೋ ಗಡಿಯಾರಗಳೆಲ್ಲಾ ಸೇರಿದ್ರೂ ಆಗದಷ್ಟು ಜೋರಾಗಿ ಹೊಡ್ಕೊಳ್ತಿತ್ತು. ಕಾರಣ, ಒಂದು ಚಿಗಟ.

ಆ ಚಿಗಟ ಇದ್ದಿದ್ದು ಸಾಹೇಬನ ಮೈಮೇಲೆ. ಸಾಹೇಬ ಅಂದ್ರೆ ಮುಂದಿನ ಮನೇಲಿರೋ, ಹಿಂದಿನ ಮನೆ ಇವನಿಗೆ ಬಾಡಿಗೆ ಕೊಟ್ಟಿರೋ ಓನರಮ್ಮನ ನಾಯಿ. ಕರುವಿನಷ್ಟು ಎತ್ತರ. ವಯಸ್ಸಾಗಿ ಕಣ್ಣು ಹೋಗಿದೆ, ಕಿವಿ ಹೋಗಿದೆ, ಹಲ್ಲು ಮಾತ್ರ ಒಂದೂ ಅಲ್ಲಾಡಿಲ್ಲ. ಯಾರು ನಮ್ಮೋರು, ಯಾರು ಕಳ್ಳರು ಅಂತ ತೀರ್ಮಾನ ಮಾಡೋದೆಲ್ಲ ಮೂಗೇ.

ಓನರಮ್ಮ ತಂಗಿ ಮನೆಗೆ ಹೊರಟೋರು ಬೀಗದ ಕೈ ಕೊಟ್ಟು ಹೇಳಿದ್ರು: "ನೋಡ್ರೀ, ಸಂಜೆವರ್ಗೂ ಸಾಹೇಬ ನಿಮ್ ಜವಾಬ್ದಾರಿ. ಅವನ ಮೈಮೇಲೆ ಒಂದು ಗೀರು ಕಂಡ್ರೂ ಮನೆ ಖಾಲಿ ಮಾಡ್ಬೇಕಾಗುತ್ತೆ. ನನ್ ತಮ್ಮನ ಮಗ ಬೇರೆ ಮನೆ ಹುಡುಕ್ತಿದಾನೆ."

ಅವರು ಅತ್ಲಾಗೆ ಹೋದ್ರು, ಸಾಹೇಬ ಇತ್ಲಾಗೆ ಕೆರ್ಕೊಳ್ಳೋಕೆ ಶುರು ಮಾಡ್ದ. ಪರಪರ ಪರಪರ. ನೋಡ್ತಾ ನೋಡ್ತಾ ಕಿವಿ ಹಿಂದೆ ಕೂದಲು ಉದುರ್ತು. ಇನ್ನೆರಡು ಸಲ ಕೆರೆದ್ರೆ ಗೀರು. ಗೀರು ಬಿದ್ರೆ ಬೀದಿ.

"ರೀ, ಆ ಎಣ್ಣೆ ಮಾಡ್ರೀ, ಫೋನಲ್ಲಿ ನೋಡಿದ್ರಲ್ಲ, ಮನುಷ್ಯರಿಗೂ ಆಗುತ್ತೆ, ನಾಯಿಗೂ ಆಗುತ್ತೆ ಅಂತ," ಅಂದ್ಳು ಹೆಂಡತಿ.

ಸರಿ, ಒಲೆ ಹೊತ್ತಿಸಿದ. ಕೊಬ್ಬರಿ ಎಣ್ಣೆಗೆ ಜಜ್ಜಿದ ಬೇವಿನ ಸೊಪ್ಪು, ಕತ್ತರಿಸಿದ ನಿಂಬೆಹುಲ್ಲು. ಸಣ್ಣ ಉರೀಲಿ ಕಾಯಿಸಿ, ಹಳೇ ಬನಿಯನ್ನಲ್ಲಿ ಸೋಸಿ ಬಾಟಲಿಗೆ ತುಂಬ್ದ. ವಾಸನೆ ಎಂಥದ್ದು ಅಂತೀರಾ, ಹೆಂಡತಿ ಕರ್ಚೀಫು ಮೂಗಿಗೆ ಕಟ್ಕೊಂಡೇ ಓಡಾಡಿದ್ಳು.

ಆ ವಾಸನೆ ಹಿಡ್ಕೊಂಡೇ ಬಂದ ಪಕ್ಕದ್ಮನೆ ಕಾಂಪೌಂಡರ್. ಪಶು ಆಸ್ಪತ್ರೇಲಿ ಕೆಲಸ. "ನೇರ ನಾಯಿಗೆ ಹಚ್ತೀಯೇನಯ್ಯಾ? ಉರಿ ಎದ್ದು ಬೊಬ್ಬೆ ಬಂದ್ರೆ? ಮೊದ್ಲು ನೀನ್ ಹಚ್ಕೊಂಡ್ ನೋಡು. ಬೆರಳ ತುದಿಗಲ್ಲ, ಮೈತುಂಬ!"

ಬೊಬ್ಬೆ ಅನ್ನೋ ಮಾತು ಕೇಳಿದ್ದೇ ಗಡಿಯಾರದವನು ಬಾಟಲಿ ಎತ್ಕೊಂಡ. ತಲೆಯಿಂದ ಅಂಗಾಲವರ್ಗೂ ಬಳ್ಕೊಂಡ. ಸ್ವಲ್ಪ ಹೊತ್ತು ಕಾದ. ಉರೀಲಿಲ್ಲ, ತುರಿಸ್ಲಿಲ್ಲ. ಖುಷಿಯಾಗಿ ಒಂದು ಬಟ್ಟಲು ಎಣ್ಣೆ ತಗೊಂಡು ಮುಂದಿನ ಮನೆಗೆ ಹೋದ. ಎಣ್ಣೆ ಮುಟ್ಟಿದ್ ತಕ್ಷಣ ಸಾಹೇಬ ರಸ್ತೆಗೆ ಓಡ್ಬಿಟ್ರೆ ಅಂತ ಒಳಗಿನಿಂದ ಚಿಲಕಾನೂ ಹಾಕ್ದ.

ಹಿಂದೆ ಒಂದು ಸದ್ದು ಬಂತು. ಗುರ್ರ್...

ತಿರುಗಿ ನೋಡ್ತಾನೆ, ಸಾಹೇಬ ಎದ್ದು ನಿಂತಿದಾನೆ. ಬೆನ್ನಿನ ಕೂದಲು ಬ್ರಷ್ ಥರ ನಿಮಿರಿದೆ. ಬಿಳಿ ಕಣ್ಣು ಗೋಡೆ ಕಡೆ, ಮೂಗು ಮಾತ್ರ ನೇರ ಇವನ ಕಡೆ.

"ಸಾಹೇಬಾ... ನಾನು ಕಣೋ..."

ಕಿವುಡು ನಾಯಿಗೆ ಯಾವ ನಾನು? ಬೆಳಿಗ್ಗೆ ತಾನೇ ಕೈ ನೆಕ್ಕಿದ್ದ ಗಡಿಯಾರದವನ ವಾಸನೆ ಈ ಲೋಕದಲ್ಲೇ ಇಲ್ಲ. ಮನೆಗೆ ಬೇವಿನ ಮರ ನುಗ್ಗಿದೆ, ಅಷ್ಟೇ. ಸಾಹೇಬ ಹಾರಿದ. ಪ್ಯಾಂಟಿನ ಒಂದು ಕಾಲು ಪರ್ ಅಂತ ಹೋಯ್ತು. ಕುರ್ಚಿ, ಕುರ್ಚಿಯಿಂದ ಟಿವಿ ಸ್ಟ್ಯಾಂಡು, ಅಲ್ಲಿಂದ ಬೀರು ಮೇಲೆ. ಹೇಗೆ ಹತ್ತಿದ ಅಂತ ಅವನಿಗೇ ಗೊತ್ತಿಲ್ಲ. ಕೆಳಗೆ ಸಾಹೇಬ ಮುಂಗಾಲು ಎತ್ತಿ ಬೀರಿಗೆ ಒದ್ರೆ, ಮೇಲೆ ಇವನ ಹಲ್ಲು ಕಟಕಟ ಅಂತಿತ್ತು.

ಕೂಗಾಟಕ್ಕೆ ಹೆಂಡತಿ, ಕಾಂಪೌಂಡರ್, ಎದುರುಮನೆ ರೇಡಿಯೋ ಅತ್ತೆ, ಮೂರೂ ಜನ ಕಿಟಕಿಗೆ ಬಂದ್ರು. ಚಿಲಕ ಒಳಗಿದೆ, ಒಳಗೆ ಬರೋಹಾಗಿಲ್ಲ.

"ಅಯ್ಯೋ ಪಾಪ, ಬಿಟ್ರೆ ಹರಿದು ಹಾಕುತ್ತೆ," ಅಂತ ರೇಡಿಯೋ ಅತ್ತೆ ಬೀದಿಗೆಲ್ಲ ಬಿತ್ತರಿಸಿದ್ರು.

"ಸ್ವಲ್ಪ ಸುಮ್ನಿರ್ತೀರಾ ಅತ್ತೆ!" ಅಂತ ಹೆಂಡತಿ ಅಳೋಕೆ ಶುರು ಮಾಡಿದ್ಳು. "ರೀ, ಬಿಸ್ಕತ್ ಎಸೀಲಾ?"

ಎಸೆದ್ಳು. ಸಾಹೇಬ ಮೂಸಿ ಕೂಡ ನೋಡ್ಲಿಲ್ಲ. ಬೀರು ವಾಲ್ತಾ ಇತ್ತು.

"ಪರಿಚಯದ ವಾಸನೆ ಬೇಕಯ್ಯಾ!" ಕಾಂಪೌಂಡರ್ ಕೂಗ್ದ. "ಅಲ್ನೋಡು, ನಿನ್ ಪಕ್ಕ ಮೊಳೇಲಿ ಓನರಮ್ಮನ ನೈಟಿ. ಹಾಕ್ಕೋ!"

"ನಾನಾ? ನೈಟಿನಾ?"

"ಮಾನ ಮುಖ್ಯಾನಾ, ಮಾಂಸಖಂಡ ಮುಖ್ಯಾನಾ?"

ಹಾಕ್ಕೊಂಡ. ಹೂವಿನ ನೈಟಿ. ಒಗೆಯೋಕೆ ಅಂತ ತೆಗೆದಿಟ್ಟಿದ್ದು, ಓನರಮ್ಮನ ಪೌಡರು, ಬೆವರು ಎಲ್ಲಾ ಅದರಲ್ಲೇ. ಕಣ್ಮುಚ್ಕೊಂಡು ಕಾಲು ಇಳಿಬಿಟ್ಟ. ಸಾಹೇಬ ಅಂಚು ಮೂಸಿದ. ಗುರ್ ಅನ್ನೋದು ನಿಲ್ತು. ಬಾಲ ಅಲ್ಲಾಡ್ತು. ಇವನು ಇಳಿದ್ರೆ ಸಾಕ್ಷಾತ್ ಅಮ್ಮನೇ ಬಂದ್ಲು ಅನ್ನೋಹಾಗೆ ತೊಡೆಗೆ ತಲೆ ಒರಗಿಸಿದ. ನೈಟಿ ಮೇಲೆತ್ತಿದ್ರೆ ಮಾತ್ರ ಒಳಗಿಂದ ಬೇವು ಬೀಸಿ, ಮತ್ತೆ ಗುರ್ರ್.

ಅಷ್ಟರಲ್ಲಿ ಗೇಟಿನ ಸದ್ದು. ಕಾಂಪೌಂಡರ್ ಇಣುಕಿ ನೋಡಿ, "ಓನರಮ್ಮ!" ಅಂದವನೇ ಗೋಡೆ ಹಾರಿ ಮಾಯ. ಹೆಂಡತಿ ಗೇಟಿಗೆ ಓಡಿದ್ಳು. ಗಡಿಯಾರದವನು ನೈಟಿ ಅಂಚಿಗೆ ಕೈ ಹಾಕ್ದ, ಬಿಟ್ಟ. ಬಿಚ್ಚಿದ್ರೆ ನಾಯಿ, ಬಿಚ್ಚದಿದ್ರೆ ಓನರಮ್ಮ. ಗೇಟ್ ಹತ್ರ ಏನೋ ಮಾತು ನಡೀತಾನೇ ಇತ್ತು. ಕೊನೆಗೆ ಬಾಗಿಲು ಬಡಿದ ಸದ್ದು. ವಿಧಿಯಿಲ್ಲದೆ ಚಿಲಕ ತೆಗೆದ.

ಓನರಮ್ಮ ಬಾಯ್ತೆರೆದ್ರು. ಮಾತು ಹೊರಬರೋ ಮುಂಚೆ ಸಾಹೇಬ ಹಾರಿದ, ಇವನ ಮೇಲಲ್ಲ, ಅವರ ಮೇಲೆ! ಅವರು ಚೀರ್ತಾ ಒಳಗೋಡಿ ಊಟದ ಟೇಬಲ್ ಹತ್ತಿದ್ರು. ಸಾಹೇಬ ಟೇಬಲ್ ಮುಂದೆ ಕಾವಲು ನಿಂತ, ಹಿಡಿಯೋಕೆ ಹಿಂದೆಯೇ ಓಡಿಬಂದ ಗಡಿಯಾರದವನ ನೈಟಿ ಅಂಚನ್ನ ಮುಂಗಾಲಲ್ಲಿ ಅದುಮ್ಕೊಂಡು.

ಗಡಿಯಾರದವನ ಮೂಗಿಗೂ ಈಗ ಬಡೀತು. ಅದೇ ಬೇವು, ಅದೇ ನಿಂಬೆಹುಲ್ಲು.

ಕಿಟಕಿಯಿಂದ ಹೆಂಡತಿ ಪಿಸುಗುಟ್ಟಿದ್ಳು: "ನಾನೇ ಕಣ್ರೀ... ನಿಮಗೆ ನೈಟಿ ಬಿಚ್ಚೋಕೆ ಟೈಮ್ ಸಿಗ್ಲಿ ಅಂತ ಗೇಟಲ್ಲೇ ನಿಲ್ಲಿಸಿ, ಸೊಳ್ಳೆ ಕಚ್ತಾವಮ್ಮಾ, ನಮ್ಮೋರೇ ಮಾಡಿದ್ದು ಅಂತ, ಆ ಬಾಟಲಿ ಎಣ್ಣೆನೇ ತಂದು ಕೈಗೆ, ಕಾಲಿಗೆ, ಕತ್ತಿಗೆಲ್ಲ ಹಚ್ಬಿಟ್ಟೆ..."

"ರೀ ಗಡಿಯಾರದೋರೇ!" ಟೇಬಲ್ ಮೇಲಿಂದ ಓನರಮ್ಮ ಗುಡುಗಿದ್ರು. "ನನ್ ನೈಟಿ ಬಿಚ್ಚಿ ಎಸೀರಿ! ಮಿಕ್ಕಿದ್ದೆಲ್ಲ ಒಗೆದು ಮಡಚಿಟ್ಟಿದೀನಿ, ನನ್ ವಾಸನೆ ಇರೋದು ಅದೊಂದ್ರಲ್ಲೇ! ಈಗ್ಲೇ ಕೊಡ್ದೆ ಇದ್ರೆ ನಾಳೆ ಬೆಳಿಗ್ಗೆ ಮನೆ ಖಾಲಿ!"

ಕೊಟ್ರೆ ಮನೆ ಉಳಿಯುತ್ತೆ, ಅದರಲ್ಲಿ ಇರೋಕೆ ಅವನು ಉಳಿಯಲ್ಲ. ಸಾಹೇಬ ಪ್ರೀತಿಯಿಂದ ಅವನ ಮೊಣಕಾಲಿಗೆ ಮೂತಿ ಉಜ್ಜಿ, ಟೇಬಲ್ ಕಡೆ ಹಲ್ಲು ಕಿಸಿದ.

ಇರೋದು ಎರಡು ಜೀವ, ಒಂದೇ ನೈಟಿ. ಹೇಳಿ ನೋಡೋಣ, ನೀವಾಗಿದ್ರೆ ಬಿಚ್ಚಿ ಕೊಡ್ತಿದ್ರಾ?