ಮಾವನನ್ನು ಗುಜರಿಗೆ ಹಾಕುವ ಪ್ರಸಂಗ

ಷಡ್ಡಕ ಎಂಬ ಪ್ರಾಣಿಯನ್ನು ಏನು ಮಾಡುವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅಣ್ಣತಮ್ಮನಾದರೆ ಜಗಳವಾಡಿ ಪಾಲು ಮಾಡಿಕೊಳ್ಳಬಹುದು. ಪಕ್ಕದ ಮನೆಯವನಾದರೆ ಗೋಡೆ ಎತ್ತರಿಸಬಹುದು. ಷಡ್ಡಕನಿಗೆ ಮದ್ದೇ ಇಲ್ಲ. ಒಂದೇ ಮನೆಯ ಅಳಿಯಂದಿರಾದ ತಪ್ಪಿಗೆ ಇಬ್ಬರೂ ಜೀವನಪೂರ್ತಿ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂತಿರಬೇಕು. ತಕ್ಕಡಿ ಹಿಡಿಯುವವಳು ಹೆಂಡತಿ. ಯಾರ ತಟ್ಟೆ ಗಾಳಿಯಲ್ಲಿ ತೂಗಾಡುತ್ತದೆ ಎಂದು ಬಿಡಿಸಿ ಹೇಳಬೇಕೇ?

ಅದರ ಮೇಲೆ ನಮ್ಮಿಬ್ಬರದೂ ಒಂದೇ ಕಸುಬು. ದಾರಿಯಲ್ಲಿ ಕೆಟ್ಟು ನಿಂತ ವಾಹನಗಳನ್ನು ಎಳೆದು ತರುವುದು. ಇದು ನಮ್ಮ ಮಾವನವರ ಕಸುಬು. ಅವರು ತೀರಿಕೊಳ್ಳುವ ಮುಂಚೆ ತಮ್ಮ ಎಳೆಯುವ ಗಾಡಿಯನ್ನು ಹಿರಿಯ ಅಳಿಯನಾದ ನನಗೆ ಕೊಟ್ಟರು. ಕಿರಿಯ ಅಳಿಯನಿಗೆ ಆಶೀರ್ವಾದ ಕೊಟ್ಟರು. ನಾನು ಶಾಲೆಗೆ ಹೋದದ್ದು ಕಡಿಮೆ, ಹೋದಷ್ಟು ದಿನವೂ ಬೆಂಚಿನ ಮೇಲೆ ನಿಂತದ್ದೇ ಹೆಚ್ಚು. ಆದರೂ ಆಶೀರ್ವಾದಕ್ಕಿಂತ ಗಾಡಿ ತೂಕದ್ದು ಎನ್ನುವಷ್ಟು ಲೆಕ್ಕ ನನಗೂ ಬರುತ್ತಿತ್ತು. ಆ ಲೆಕ್ಕ ಎಲ್ಲಿ ತಪ್ಪಿತೋ ಕಾಣೆ. ಈಗ ಅವನ ಹತ್ತಿರ ಹೊಚ್ಚ ಹೊಸ ಗಾಡಿ ಇದೆ. ನನ್ನ ಹತ್ತಿರ ಮಾವ ಇದ್ದಾರೆ.

(ಗಾಡಿಗೆ 'ಮಾವ' ಎಂದು ಹೆಸರಿಟ್ಟವನು ನಾನೇ. ಭಕ್ತಿಯಿಂದ ಇಟ್ಟದ್ದೆಂದು ಹೆಂಡತಿ ಬಹುಕಾಲ ನಂಬಿಕೊಂಡಿದ್ದಳು. ಒಂದು ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು, "ಈ ಮಾವನಿಗೆ ನಾಲ್ಕು ಒದೆ ಬೀಳದೆ ಏಳೋದಿಲ್ಲ" ಎಂದದ್ದು ಕಿವಿಗೆ ಬಿದ್ದಮೇಲೆ ಆ ನಂಬಿಕೆ ಹೋಯಿತು. ಅವತ್ತು ನನಗೆ ತಿಂಡಿಯೂ ಹೋಯಿತು.)

ಷಡ್ಡಕನ ಗಾಡಿಯ ವರ್ಣನೆ ನನ್ನ ಬಾಯಿಂದ ಬರುವುದು ನ್ಯಾಯವಲ್ಲ, ಆದರೂ ಕೇಳಿ. ಮೈಯೆಲ್ಲ ಕಿತ್ತಳೆ ಬಣ್ಣ. ತಲೆಯ ಮೇಲೆ ಗಿರಗಿರನೆ ತಿರುಗುವ ದೀಪಗಳ ಕಿರೀಟ. ಹಿಂಬದಿಯ ಹಾಸು ಸೊಂಟ ಬಗ್ಗಿಸಿ ನೆಲಕ್ಕೆ ತಾಗುತ್ತದೆ. ಕೈಯಲ್ಲಿ ರಿಮೋಟು ಹಿಡಿದು ಒಂದು ಗುಂಡಿ ಒತ್ತಿದರೆ ಸಾಕು, ಕೆಟ್ಟ ಕಾರು ತಾನಾಗಿ ಮೇಲೇರಿ ಹಾಯಾಗಿ ಮಲಗುತ್ತದೆ. ನಾನಾದರೋ ಟಾರಿನ ಮೇಲೆ ಅಂಗಾತ ಮಲಗಿ, ಕಾರಿನ ಹೊಟ್ಟೆಯಡಿ ತೆವಳಿ, ಸರಪಳಿ ಬಿಗಿದು, ಗ್ರೀಸು ಬಳಿದ ಭೂತದ ಹಾಗೆ ಎದ್ದು ಬರಬೇಕು. ಅವನ ಅಂಗಿಯ ಇಸ್ತ್ರಿ ಸಂಜೆಗೂ ಮುರಿದಿರುವುದಿಲ್ಲ.

"ರೀ, ನಮ್ಮ ತಂಗಿ ಮನೇಲಿ ಬಟ್ಟೆ ಸೋಪು ಖರ್ಚೇ ಆಗಲ್ವಂತೆ" ಎಂದಳು ಹೆಂಡತಿ.

"ಮೈ ಬಗ್ಗಿಸದೆ ದುಡಿಯೋರ ಮನೇಲಿ ಸೋಪು ಯಾಕೆ ಬೇಕು?"

"ಮೈ ಬಗ್ಗಿಸೋರ ಮನೇಲಿ ಹೊಟ್ಟೆಕಿಚ್ಚಿಗೆ ನೀರು ಬೇಕಾಗುತ್ತೆ. ಬಕೆಟ್ ತುಂಬಿಸಿಡ್ಲಾ?"

ಹೊಟ್ಟೆಕಿಚ್ಚಂತೆ! ನನಗೆ! ಆ ಗಾಡಿಯನ್ನು ನಾನು ತಿರುಗಿಯೂ ನೋಡುವುದಿಲ್ಲ. ಅದು ನಮ್ಮ ಬೀದಿಗೆ ಬಂದಾಗ ಕಿಟಕಿಯ ಪರದೆ ಸ್ವಲ್ಪ ಸರಿಸುತ್ತೇನೆ, ಅಷ್ಟೇ. ಅದೂ ಗಾಳಿಗಾಗಿ.

ಇಷ್ಟಾದರೂ ನಾನು ತಾಳಿಕೊಂಡಿದ್ದೆ. (ನನ್ನ ತಾಳ್ಮೆಯ ಬಗ್ಗೆ ಹೆಂಡತಿ ಹೇಳುವುದನ್ನು ನಂಬಬೇಡಿ.) ತಾಳ್ಮೆ ಕೆಟ್ಟದ್ದು ಹಲ್ಲಿನ ಡಾಕ್ಟರರ ಕಾರಿನ ದೆಸೆಯಿಂದ. ಚಳಿಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಅವರ ಕಾರು ದೊಡ್ಡ ಸೇತುವೆಯ ಬಳಿ ನಿಂತುಬಿಟ್ಟಿತ್ತು. ನಾನು ಮಾವನನ್ನು ಹೊರಡಿಸಿಕೊಂಡು ಹೋದೆ. ಎಂಜಿನ್ ಆರಿಸಿದೆ, ಹುಕ್ಕು ಹಾಕಿದೆ, ಸರಪಳಿ ಬಿಗಿದೆ. ಹಿಂದಿದ್ದ ಲಾರಿಯವನು ಒಂದೇ ಸಮನೆ ಹಾರ್ನ್ ಹೊಡೆದ. ಅವನಿಗೆ ಹಾರ್ನಿನ ಧರ್ಮಸೂಕ್ಷ್ಮಗಳನ್ನು ವಿವರಿಸುವುದರಲ್ಲಿ ಎಂಜಿನ್ ತಣ್ಣಗಾಗುವಷ್ಟು ಹೊತ್ತು ಹೋಯಿತು. ವಾಪಸು ಬಂದು ಚಾವಿ ತಿರುಗಿಸಿದರೆ ಮಾವ ಕೆಮ್ಮಿದರು. ಇನ್ನೊಮ್ಮೆ ತಿರುಗಿಸಿದೆ, ನರಳಿದರು. ಮತ್ತೊಮ್ಮೆ ತಿರುಗಿಸಿದೆ, ಉಸಿರೇ ಇಲ್ಲ. ಇಳಿದು ಒದ್ದೆ. ಬೈದೆ. ಮಾವನ ಹಿಂದಿನ ತಲೆಮಾರುಗಳನ್ನೂ ಬಿಡಲಿಲ್ಲ.

ಡಾಕ್ಟರರಿಗೆ ಬೇಸರ ಬಂದು, ಸುಮ್ಮನೆ ನೋಡೋಣ ಎಂದು ತಮ್ಮ ಕಾರಿನ ಚಾವಿ ತಿರುಗಿಸಿದರು. ಕಾರು ಗುರ್ ಎಂದು ಹೊರಟಿತು!

ಸರಪಳಿ ಬಿಚ್ಚಿಸಿಕೊಂಡು ಹೊರಡುವಾಗ ಆ ಮಹಾನುಭಾವರು ಗಾಜು ಇಳಿಸಿ, ತುಂಬ ಮರ್ಯಾದೆಯಿಂದ ಕೇಳಿದರು: "ನಿಮ್ಮನ್ನ ಎಲ್ಲಿಗಾದ್ರೂ ಎಳ್ಕೊಂಡು ಹೋಗಿ ಬಿಡ್ಲಾ?"

ನೀವು ನನ್ನ ಜಾಗದಲ್ಲಿದ್ದರೆ ಆ ಸೇತುವೆಯಿಂದ ಹಾರುತ್ತಿದ್ದಿರಿ. ನಾನು ಮಾವನನ್ನು ತಳ್ಳಿಸಿ ಎಬ್ಬಿಸಿಕೊಂಡು ಮನೆಗೆ ಹೋಗಿ ಹೆಂಡತಿಯ ಮೇಲೆ ಹಾರಿದೆ.

"ಇದನ್ನ ಮಾರ್ತೀನಿ! ಹೊಸದು ತರ್ತೀನಿ! ಇವತ್ತೇ!"

"ಅಪ್ಪನ ಗಾಡಿ ಮಾರೋ ಮಾತು ಈ ಮನೇಲಿ ಬೇಡ."

"ನಿಮ್ಮಪ್ಪನ ಗಾಡಿ ನಿಮ್ಮಪ್ಪನ ಹಾಗೇ ಇದೆ. ಕರೆದಾಗ ಏಳಲ್ಲ, ಎದ್ದರೆ ಹೊಗೆ ಬಿಡುತ್ತೆ."

"ಅಪ್ಪನ ಕೈಲಿ ಅದು ಒಂದು ದಿನ ಮಧ್ಯದಾರೀಲಿ ನಿಂತಿದ್ದು ನಾ ಕಾಣೆ. ಅವರು ಅದನ್ನ ಒದೀತಿರ್ಲಿಲ್ಲ. ಮಾತಾಡಿಸ್ತಿದ್ರು."

"ನಾನೂ ಮಾತಾಡಿಸ್ತೀನಿ."

"ನೀವು ಆಡೋ ಮಾತು ಕೇಳಿದ್ರೆ ಗಾಡಿ ಇರ್ಲಿ, ಗೋಡೆಗೂ ಬಿರುಕು ಬಿಡುತ್ತೆ."

"ನಿಂಗೆ ಗಂಡನ ಮಾನಕ್ಕಿಂತ ತುಕ್ಕು ಹಿಡಿದ ತಗಡು ಹೆಚ್ಚಾ?"

ನಲವತ್ತು ಮಾತಿಗೆ ನಲವತ್ತೊಂದು ತಿರುಗಿಸುವವಳು ಅವತ್ತು ಎದ್ದು ಹೊರಗೆ ಹೋಗಿ, ಮಾವನ ಬಾನೆಟ್ಟಿನ ಮೇಲಿದ್ದ ನನ್ನ ಬೂಟಿನ ಗುರುತನ್ನು ಬಟ್ಟೆಯಿಂದ ಒರೆಸತೊಡಗಿದಳು. ಆಮೇಲೆ ಒಳಗೆ ಬಂದು, "ಸ್ವಲ್ಪ ದಿನ ಕೊಡಿ. ಇಟ್ಕೊಳ್ಳೋದೋ ಬದಲಾಯಿಸೋದೋ ನಾನು ಹೇಳ್ತೀನಿ" ಎಂದಳು.

ಗೆದ್ದೆ ಎಂದುಕೊಂಡೆ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ಸುಮ್ಮನಾದದ್ದನ್ನು ಗೆಲುವು ಎಂದು ತಿಳಿಯುವ ಮೂರ್ಖರು ಲೋಕದಲ್ಲಿ ಇನ್ನೂ ಇದ್ದಾರೆ.

ಅಂದಿನಿಂದ ಅವಳು ಮಧ್ಯಾಹ್ನವಾದರೆ ಸಾಕು, "ತಂಗಿ ಮನೆಗೆ ಹೋಗ್ಬರ್ತೀನಿ" ಎಂದು ಹೊರಟುಬಿಡುವಳು. ಸಂಜೆ ಕೆಂಪೇರಿದ ಮುಖ ಹೊತ್ತು, ಏನನ್ನೋ ನೆನೆದು ತನ್ನಷ್ಟಕ್ಕೇ ನಗುತ್ತ ಬರುವಳು. ನಾನು ಕೇಳಿದರೆ, "ಏನಿಲ್ಲ." ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು. ಅದಕ್ಕೂ, "ಏನಿಲ್ಲ."

ಒಂದು ದಿನ ದೊಡ್ಡ ವೃತ್ತದ ಸಿಗ್ನಲ್ಲಿನಲ್ಲಿ ನಿಂತಿದ್ದೆ. (ಕಾಲ್ನಡಿಗೆಯಲ್ಲಿ. ಮಾವ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದರು.) ಎದುರಿಗೆ ಆ ಕಿತ್ತಳೆ ರಥ ಬಂದು ನಿಂತಿತು. ಒಳಗೆ ಷಡ್ಡಕ. ಅವನ ಪಕ್ಕದಲ್ಲಿ ನನ್ನ ಹೆಂಡತಿ! ಅವನು ಏನೋ ಹೇಳಿದ. ಅವಳು ಬಾಯಿ ಮುಚ್ಚಿಕೊಳ್ಳದೆ ನಕ್ಕಳು. ನನ್ನ ಗಾಡಿಯಲ್ಲಿ ಕೂತಾಗ ಅವಳು ಬಾಯಿ ತೆರೆಯುವುದು, "ನಿಧಾನ! ಮುಂದೆ ಆಟೋ!" ಎನ್ನಲು ಮಾತ್ರ. ದೀಪ ಹಸಿರಾಯಿತು. ನಾನೂ ಹಸಿರಾದೆನೋ ಕೆಂಪಾದೆನೋ ನೆನಪಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ಮೈ ಹುಷಾರಿಲ್ವೇನಪ್ಪಾ, ಕೂತ್ಕೋ" ಎಂದದ್ದು ಮಾತ್ರ ನೆನಪಿದೆ.

ಹಿಂದೆಯೇ ಓಡಿದೆ. ಷಡ್ಡಕನ ಯಾರ್ಡಿಗೆ ಹಿತ್ತಲ ಬೇಲಿಯ ಕಡೆಯಿಂದ ನುಗ್ಗಿ, ಹಳೇ ಟೈರುಗಳ ರಾಶಿಯ ಹಿಂದೆ ಮರೆಯಾಗಿ ಕೂತೆ. ನೋಡುತ್ತೇನೆ, ನನ್ನ ಹೆಂಡತಿ ಚಾಲಕನ ಸೀಟಿನಲ್ಲಿದ್ದಾಳೆ! ಷಡ್ಡಕ ಕೆಳಗೆ ನಿಂತು ಕೈ ಬೀಸುತ್ತಿದ್ದಾನೆ. "ಬನ್ನಿ ಅತ್ತಿಗೆ, ಬನ್ನಿ... ಬಲಕ್ಕೆ... ಭೇಷ್!" ಅವನ ಹೆಂಡತಿ ಕುರ್ಚಿ ಹಾಕಿಕೊಂಡು ಚಹಾ ಹೀರುತ್ತ, "ಅಕ್ಕಾ, ಕನ್ನಡಿ ನೋಡೇ, ಕನ್ನಡಿ!" ಎನ್ನುತ್ತಿದ್ದಾಳೆ. ಗಾಡಿ ಹಿಂದೆ ಬಂತು, ಮುಂದೆ ಹೋಯಿತು, ಹಾಸು ಬಗ್ಗಿತು, ಎದ್ದಿತು.

ಆಗ ನನ್ನ ತಲೆಯಲ್ಲಿ ಜ್ಞಾನೋದಯವಾಯಿತು. ಟೈರಿನ ರಾಶಿಯ ಹಿಂದೆ ಜ್ಞಾನೋದಯವಾದ ಮೊದಲ ಮನುಷ್ಯ ನಾನೇ ಇರಬೇಕು. ಅಯ್ಯೋ ಹುಚ್ಚಿ! ನನಗೆ ಹೇಳದೆ, ಹೊಸ ಗಾಡಿ ಕೊಳ್ಳುವ ಮುಂಚೆ ತಾನೇ ಓಡಿಸಿ ಪರೀಕ್ಷೆ ಮಾಡುತ್ತಿದ್ದಾಳೆ! ಸೀರಿಯಲ್ ನೋಡುತ್ತ ತರಕಾರಿ ಹೆಚ್ಚುವಾಗಲೂ ಹುಳ ಹುಡುಕುವವಳು, ಗಾಡಿಯನ್ನು ಸುಮ್ಮನೆ ಕೊಳ್ಳುತ್ತಾಳೆಯೇ? ನನ್ನ ಕಣ್ಣು ತೇವವಾಯಿತು. ಇಂಥ ಹೆಂಡತಿಯ ಮೇಲೆ ಅನುಮಾನಪಟ್ಟೆನಲ್ಲ ಎಂದು ತೆವಳಿಕೊಂಡೇ ಹೊರಬಂದೆ.

ಅವಳು ಅಷ್ಟು ಮಾಡಿದರೆ ನಾನು ಇಷ್ಟಾದರೂ ಮಾಡಬೇಡವೇ? ಮರುದಿನ ಬೆಳಿಗ್ಗೆಯೇ ಗುಜರಿಯವನನ್ನು ಕರೆದುಕೊಂಡು ಬಂದೆ. ಮಾವನನ್ನು ಸಾಗಹಾಕಿ, ಹೊಸದಕ್ಕೆ ಜಾಗ ಮಾಡಿಟ್ಟು, ಹೆಂಡತಿಯನ್ನು ಬೆರಗುಗೊಳಿಸುವುದು ನನ್ನ ಯೋಜನೆ.

ಗುಜರಿಯವನು ಮಾವನ ಸುತ್ತ ಪ್ರದಕ್ಷಿಣೆ ಹಾಕಿ, ಒಂದು ಕಡೆ ತಟ್ಟಿ, ಇನ್ನೊಂದು ಕಡೆ ಕುಟ್ಟಿ, ಮೂಗು ಮುರಿದ. "ಸ್ಟಾರ್ಟ್ ಆದ್ರೆ ಗಾಡಿ ಅಂತ ತಗೋತೀನಿ. ಆಗದಿದ್ರೆ ಕಬ್ಬಿಣ ಅಂತ ತಗೋತೀನಿ."

"ಆಗುತ್ತೆ, ಆಗುತ್ತೆ, ಯಾಕಾಗಲ್ಲ?" ಎಂದು ಹತ್ತಿ ಕೂತೆ. ಚಾವಿ ತಿರುಗಿಸಿದೆ. ಕೆಮ್ಮು. ತಿರುಗಿಸಿದೆ. ನರಳಾಟ. ನನಗೆ ನೆತ್ತಿಗೇರಿತು. ಇಳಿದು, ಹಿಂದೆ ಸರಿದು, ಓಡಿಬಂದು ಒದ್ದೆ.

"ಕಬ್ಬಿಣ" ಎಂದ ಗುಜರಿಯವನು.

"ಇಳಿಸಿ ಕೈನ!" ಎಂದು ಬಾಗಿಲಿಂದ ಕೂಗು ಬಂತು. (ನಾನು ಎತ್ತಿದ್ದು ಕಾಲು. ಆದರೂ ಎರಡೂ ಇಳಿದವು.) ಹೆಂಡತಿ ಮೆಟ್ಟಿಲಿಳಿದು ನೆಟ್ಟಗೆ ಬಂದು, ನನ್ನ ಕೈಯಿಂದ ಚಾವಿ ಕಿತ್ತುಕೊಂಡು, ಮಾವನ ಸೀಟೇರಿ ಕೂತಳು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ನಮ್ಮ ಬೀದಿಯವರಿಗೆ ಆ ಹೊತ್ತಿಗೆ ಸರಿಯಾಗಿ ಗಾಳಿ ಬೇಕಾಗುತ್ತದೆ.

ಅವಳು ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸಿ, ಒಂದು ಕಪ್ಪು ಟೇಪಿನ ತುಂಡನ್ನು ಚರ್ರನೆ ಕಿತ್ತಳು. "ಇದ್ಯಾರು ಅಂಟಿಸಿದ್ದು?"

"ನಾನೇ. ಅಲ್ಲೊಂದು ಹಳದಿ ದೀಪ ಸುಮ್‌ಸುಮ್ನೆ ಕಣ್ಣು ಕುಕ್ತಿತ್ತು. ದೀಪ ಉರಿದ್ರೆ ನನಗೆ ಉರಿಯುತ್ತೆ."

"ಅದು ಹೀಟರಿನ ದೀಪ ಕಣ್ರೀ! ಹಳೇ ಡೀಸೆಲ್ ಎಂಜಿನ್ನು, ಒಳಗೆ ಬೆಚ್ಚಗಾಗೋ ತನಕ ಹೊತ್ತಿರುತ್ತಂತೆ. ಆರಿದ್ಮೇಲೆ ಪೂರ್ತಿ ತಿರುಗಿಸ್ಬೇಕಂತೆ. ತಂಗಿ ಗಂಡ ಹೇಳಿಕೊಟ್ರು. ಆಗ ನಂಗೆ ಹೊಳೀತು. ಅಪ್ಪ ಚಾವಿ ಅರ್ಧ ತಿರುಗಿಸಿ, ಕನ್ನಡಕ ತೆಗೆದು ಒರೆಸ್ಕೊಂಡು, ಹಾಕ್ಕೊಂಡು, ಆಮೇಲೇ ಸ್ಟಾರ್ಟ್ ಮಾಡ್ತಿದ್ರು. ನೀವು ಯಾವತ್ತಾದ್ರೂ ಕನ್ನಡಕ ಒರೆಸಿದ್ದೀರಾ?"

"ನಂಗೆ ಕನ್ನಡಕವೇ ಇಲ್ಲ!"

"ಕನ್ನಡಕ ಇಲ್ದಿದ್ರೆ ಹೋಗ್ಲಿ, ಕಣ್ಣಾದ್ರೂ ಇದೆಯಲ್ಲ?"

ಅವಳು ಚಾವಿ ಅರ್ಧ ತಿರುಗಿಸಿದಳು. ಹಳದಿ ದೀಪ ಹೊತ್ತಿತು. ಅವಳು ಕೂದಲು ಹಿಂದಕ್ಕೆ ಸರಿಸಿ ಗಂಟು ಹಾಕಿಕೊಂಡಳು. ಕನ್ನಡಿ ಸರಿಮಾಡಿಕೊಂಡಳು. ಸ್ಟೇರಿಂಗಿನ ಮೇಲಿನ ಧೂಳನ್ನು ಅಂಗೈಯಿಂದ ಸವರಿದಳು. "ಏಳಪ್ಪಾ" ಎಂದಳು, ಮೆತ್ತಗೆ. ಅದು ಗಾಡಿಗೆ ಹೇಳಿದ್ದೋ ತಂದೆಗೆ ಹೇಳಿದ್ದೋ, ನಾನು ವಿಚಾರಿಸಲು ಹೋಗಲಿಲ್ಲ.

ದೀಪ ಆರಿತು. ಚಾವಿ ತಿರುಗಿತು. ಮಾವ ಒಂದೇ ಸಲಕ್ಕೆ, ಹೊಸ ಮದುಮಗನ ಉತ್ಸಾಹದಲ್ಲಿ ಎದ್ದು ಗುಡುಗಿದರು.

"ಗಾಡಿ!" ಎಂದ ಗುಜರಿಯವನು, ತನ್ನ ಮಾತು ತಾನೇ ತಿದ್ದಿಕೊಂಡು.

"ಮಾರೋದಿಲ್ಲ" ಎಂದಳು ಹೆಂಡತಿ.

"ಮತ್ತೆ ನೀನು ಹೊಸ ಗಾಡಿ ಓಡಿಸಿ ನೋಡ್ತಿದ್ದದ್ದು...?" ಎಂದು ನಾನು ತೊದಲಿದೆ.

"ಕಲೀತಿದ್ದೆ ಕಣ್ರೀ. ಅಪ್ಪನ ಗಾಡಿ ಇಟ್ಕೊಳ್ಳೋದೋ ಬದಲಾಯಿಸೋದೋ ಅಂತ ನಿರ್ಧಾರ ಮಾಡೋಕೆ ಮುಂಚೆ, ತೊಂದ್ರೆ ಗಾಡೀದೋ ಓಡಿಸೋರದ್ದೋ ಅಂತ ತಿಳ್ಕೋಬೇಡ್ವಾ?"

ಅಷ್ಟರಲ್ಲಿ ನನ್ನ ಫೋನು ರಿಂಗಣಿಸಿತು. ಗೋದಾಮುಗಳ ಬೀದಿಯಲ್ಲಿ ಹಾಲಿನ ವ್ಯಾನೊಂದು ಕೆಟ್ಟು ನಿಂತಿತ್ತು, ಹಾಲು ಒಡೆಯುವ ಮುಂಚೆ ಬನ್ನಿ ಎಂಬ ಗೋಗರೆತ. ನಾನು ಅಭ್ಯಾಸದಂತೆ ಚಾಲಕನ ಬಾಗಿಲಿಗೆ ಕೈ ಹಾಕಿದೆ. ಅವಳು ಒಳಗಿಂದ ಚಿಲಕ ಒತ್ತಿ, ಗಲ್ಲದಿಂದಲೇ ಆ ಕಡೆಯ ಸೀಟು ತೋರಿಸಿದಳು.

ಹೋದೆವು. ನಾನು ಟಾರಿನ ಮೇಲೆ ಅಂಗಾತ ಮಲಗಿ ಸರಪಳಿ ಕಟ್ಟಿದೆ. ಅವಳು ಹೀಟರಿನ ದೀಪದ ಮರ್ಯಾದೆ ಕಾಯ್ದು ಗಾಡಿ ಎಳೆದಳು. ಹಾಲು ಒಡೆಯಲಿಲ್ಲ. ನನ್ನ ಎದೆ ಮಾತ್ರ ಒಡೆಯಿತು. ಯಾಕೆಂದರೆ ವ್ಯಾನಿನವನು ಧನ್ಯವಾದ ಹೇಳಿದ್ದು ಅವಳಿಗೆ, ಅವಳು ಹೇಳಿದ್ದು, "ನಮ್ಮ ತಂಗಿ ಯಜಮಾನರು ಕಲಿಸಿಕೊಟ್ಟಿದ್ದು."

ಈಗ ನಮ್ಮ ಮನೆಯಲ್ಲಿ ಫೋನಿಗೆ ಉತ್ತರಿಸುವವನು ನಾನು, ಗಾಡಿ ಹೊರಡಿಸುವವಳು ಅವಳು. ಷಡ್ಡಕನ ರಥದ ಮೇಲಿನ ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಿಹೋಗಿದೆ. (ಅವನು ಸಿಕ್ಕಿದಾಗೆಲ್ಲ, "ಅತ್ತಿಗೆ ಕೈ ಬಹಳ ಚೆನ್ನಾಗಿದೆ ಅಣ್ಣಾ" ಎನ್ನುತ್ತಾನೆ. ಅಯೋಗ್ಯ.) ಈಗ ಕಿಚ್ಚೆಲ್ಲ ಹೊರಳಿರುವುದು ಮಾವನ ಮೇಲೆ. ಮೂವತ್ತು ಸಲ ಕರೆದರೂ ನನಗೆ ಏಳದ ಮುದಿಯ ಅವಳ ಒಂದು ಮಾತಿಗೆ ಏಳುತ್ತಾನೆ. ದಿನಾ ಬೆಳಿಗ್ಗೆ ಅವಳು ಅವನ ಮೈ ಒರೆಸುತ್ತಾಳೆ. ಎಣ್ಣೆ ನೋಡುತ್ತಾಳೆ. ನನ್ನ ಮೈ ಒರೆಸುವವರಾರು? ನನ್ನ ಎಣ್ಣೆ ನೋಡುವವರಾರು?

ನಿನ್ನೆ ಅವಳು ದೂರದ ಕೆಲಸಕ್ಕೆ ಮಾವನ ಜೊತೆ ಹೋಗಿದ್ದಾಗ ಫೋನು ಬಂತು. ಬಿಸಿಲಲ್ಲಿ ಕಾರು ಕೆಟ್ಟು ನಿಂತವರು ಯಾರೋ.

"ಅಕ್ಕ ಇದ್ದಾರಾ?"

"ಇಲ್ಲ. ಅವಳು ಬರೋದು ಸಂಜೆ ಆಗುತ್ತೆ. ಷಡ್ಡಕನ ಗಾಡಿ ಖಾಲಿ ಇದೆ, ಅದನ್ನ ತಗೊಂಡು ನಾನೇ ಬರ್ತೀನಿ."

ಆ ಕಡೆ ಲಾರಿಗಳು ಹಾದುಹೋಗುವ ಸದ್ದು ಕೇಳಿಸಿತು.

"ಪರವಾಗಿಲ್ಲ ಬಿಡಿ ಸಾರ್" ಎಂದರು ಅವರು. "ಇಲ್ಲೊಂದು ಮರ ಇದೆ. ಅಕ್ಕ ಬರೋ ತನಕ ಕೂತಿರ್ತೀನಿ."