ಬಹುಮತದಿಂದ ವಾಸಿಯಾದ ನನ್ನ ಬೆನ್ನುನೋವು

ಭಾಂಡುಪಿನ ನಮ್ಮ ‘ಸ್ನೇಹದೀಪ’ ಹೌಸಿಂಗ್ ಸೊಸೈಟಿಯ ಘನತೆವೆತ್ತ ಸೆಕ್ರೆಟರಿ ಶ್ರೀ ಹಿತೇಶ್ ಅವರ ಸನ್ನಿಧಾನಕ್ಕೆ, ನಾಲ್ಕನೇ ಮಾಳಿಗೆಯ ವಾಮನ ಸಾಲ್ಯಾನನು, ಬಗ್ಗಲು ಆಗದ ಕಾರಣ ನೆಟ್ಟಗೆ ನಿಂತೇ ಸಲ್ಲಿಸುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಸೊಂಟ, ಮಂಡಿ ಮುಂತಾದ ಪರಿವಾರವೂ ಕ್ಷೇಮವಾಗಿರಲಿ. ಈ ಪತ್ರವನ್ನು ಸೊಸೈಟಿಯ ನೋಟಿಸ್ ಬೋರ್ಡಿಗೆ ಹಚ್ಚುವುದೇ ಕ್ರಮ. ಆದರೆ ಬೋರ್ಡು ಕೆಳಗೆ ಮೀಟರ್ ರೂಮಿನ ಪಕ್ಕದಲ್ಲಿದೆ, ನಾನು ಮೇಲಿದ್ದೇನೆ, ನಡುವೆ ಲಿಫ್ಟ್ ಇಲ್ಲ. ಹಾಗಾಗಿ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಬಹಿರಂಗವಾಗಿ ಅಚ್ಚು ಹಾಕಿಸುತ್ತಿದ್ದೇನೆ. ನೈಟ್ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಅರ್ಜಿ ಬರೆಯಲು ಕಲಿಸುತ್ತಿದ್ದರು: ‘ವಿತ್ ಡ್ಯೂ ರೆಸ್ಪೆಕ್ಟ್ ಆಂಡ್ ಹಂಬಲ್ ಸಬ್ಮಿಷನ್, ಐ ಬೆಗ್ ಟು ಸ್ಟೇಟ್...’ ಮುಂದೆ ಏನನ್ನು ಸ್ಟೇಟ್ ಮಾಡಬೇಕೆಂಬುದು ಹಗಲಿಡೀ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಂದವನಿಗೆ ನಿದ್ದೆಯಲ್ಲಿ ಹೋಯಿತು. ಆದ್ದರಿಂದ ಕನ್ನಡದಲ್ಲೇ ಬೆಗ್ ಮಾಡುತ್ತೇನೆ.

ಎರಡನೇ ಮಾಳಿಗೆಯ ತಿರುವಿನಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ನನ್ನ ಹೆಂಡತಿ ಸೇವಂತಿ ಇದ್ದಾಗ ತಾನೇ ಹೊತ್ತು ತಂದು ಇಟ್ಟದ್ದು. ನನ್ನ ನೋವು ಸೊಂಟದಿಂದ ಹೊರಟು ಎಡಗಾಲಿನ ಹೆಬ್ಬೆರಳಿನವರೆಗೆ ಓಡುವ ಸ್ಲೋ ಲೋಕಲ್. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಭಾನುವಾರ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಕೂಡ ಅದಕ್ಕಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವುದೆಂದರೆ ಮೊದಲು ಮಗ್ಗುಲಾಗಿ, ಆಮೇಲೆ ಮೊಣಕೈ ಊರಿ, ಆಮೇಲೆ ಕಾಲು ಇಳಿಬಿಟ್ಟು, ಗೋದಾಮಿನಿಂದ ಕಪಾಟು ಸಾಗಿಸುವ ಹಮಾಲರ ಹಾಗೆ ನನ್ನನ್ನು ನಾನೇ ಸಾಗಿಸಬೇಕು. ಸೀನು ಬಂದರೆ ಮೊದಲು ಗೋಡೆ ಹಿಡಿಯಬೇಕು, ಆಮೇಲೆ ಸೀನಬೇಕು. ಕೈಯಿಂದ ಜಾರಿ ಬಿದ್ದದ್ದು ಕೆಲಸದ ಹೆಂಗಸು ಬರುವವರೆಗೆ ನೆಲದ್ದೇ ಸೊತ್ತು. ಇಷ್ಟೆಲ್ಲ ಆದ ಮೇಲೂ ನಾನು ದಿನಾ ಕೆಳಗಿಳಿದು, ಗೆಳೆಯ ಸೀನನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ನಾಲ್ಕು ಜನರ ಮುಖ ನೋಡಿ, ಮತ್ತೆ ಮೇಲೆ ಹತ್ತುತ್ತಿದ್ದೆನೆಂದರೆ ಅದಕ್ಕೆ ನಡುದಾರಿಯ ಆ ಕುರ್ಚಿಯೇ ಕಾರಣ.

ತಾವು ಅದನ್ನು ಎತ್ತಿಸಿದಿರಿ. ರೀಡೆವಲಪ್‌ಮೆಂಟಿನ ಬಿಲ್ಡರು ನೋಡಲು ಬರುತ್ತಾನೆ, ಜಿನಾ, ಅಂದರೆ ಮೆಟ್ಟಿಲದಾರಿ, ಖಾಲಿ ಕಾಣಬೇಕು ಎಂದಿರಿ. ತಮ್ಮ ಶುಚಿಪ್ರಜ್ಞೆಗೆ ನಾನು ತಲೆಬಾಗುತ್ತಿದ್ದೆ, ಕುತ್ತಿಗೆ ಬಿಟ್ಟಿದ್ದರೆ. ಚಪ್ಪಲಿ ಗೂಡುಗಳು, ಮಗುವಿಲ್ಲದ ಮನೆಯ ಮಕ್ಕಳ ಸೈಕಲ್ಲು, ತಮ್ಮದೇ ಬಾಗಿಲ ಎದುರಿನ ಹಳೆಯ ಕೂಲರು, ಇವೆಲ್ಲ ಇದ್ದಲ್ಲೇ ಇವೆ. ಬಹುಶಃ ಬಿಲ್ಡರನ ಕಣ್ಣಿಗೆ ಕೆಂಪು ಬಣ್ಣ ಮಾತ್ರ ಕಾಣುತ್ತದೆ. ಮೊದಲೇ ಸುಳಿವು ಸಿಕ್ಕಿದ್ದರಿಂದ ನಾನು ಜನರಲ್ ಬಾಡಿ ಮೀಟಿಂಗಿಗೆ ಇಳಿದು ಬಂದು, ನೋವಿದೆ, ಕುರ್ಚಿಯೊಂದನ್ನು ಬಿಡಿ ಎಂದು ಕೇಳಿಕೊಂಡದ್ದು ತಮಗೆ ನೆನಪಿರಬಹುದು. ಆಗ ತಾವು, ನಾನು ಎತ್ತಿ ಆಡಿಸಿದ ಹುಡುಗ, ತಮ್ಮ ಸುಂದರವಾದ ಕನ್ನಡದಲ್ಲಿ, “ಅಂಕಲ್, ನಿಮ್ಮದು ಪೇನ್ ದಿಖತಾ ತೋ ನಹೀ ನಾ, ಕಾಣುದಿಲ್ಲ ಅಲ್ವಾ, ಪ್ರೂಫ್ ಏನುಂಟು?” ಎಂದಿರಿ.

ಪ್ರೂಫ್ ಇತ್ತು. ಎಂ.ಆರ್.ಐ. ಫಿಲ್ಮನ್ನು ಸಂಚಿಯಲ್ಲೇ ತಂದಿದ್ದೆ. ಸಭೆ ಅದನ್ನು ಪ್ರಸಾದದ ಹಾಗೆ ಕೈಯಿಂದ ಕೈಗೆ ದಾಟಿಸಿತು. ಎರಡನೇ ಮಾಳಿಗೆಯ ನೀಲಾವತಿಬಾಯಿ ಟ್ಯೂಬ್‌ಲೈಟಿಗೆ ತಲೆಕೆಳಗಾಗಿ ಹಿಡಿದು, “ಭಾಳ ಚಂದ ಬಂದೈತ್ರಿ ಫೋಟೋ, ಎಲುಬೆಲ್ಲಾ ಅದರದರ ಜಾಗಾದಾಗ ಅದಾವ” ಎಂದು ವರದಿ ಕೊಟ್ಟರು. ಖಜಾಂಚಿ ಸಂದೀಪ, “ಗಣಪತಿ ವಿಸರ್ಜನೆಗೆ ನೀವು ನಡ್ಕೊಂಡು ಬಂದದ್ದನ್ನು ನಾನೇ ಕಂಡಿದ್ದೇನೆ ಮಾರಾಯ್ರೆ” ಎಂದು ಸಾಕ್ಷಿ ನುಡಿದ. ಬಂದದ್ದು ನಿಜ. ಮರುದಿನ ಮಲಗಿದಲ್ಲೇ ಇದ್ದವನನ್ನು ನೋಡಲು ಯಾರೂ ಮೇಲೆ ಬರಲಿಲ್ಲ, ಆದ್ದರಿಂದ ಅದಕ್ಕೆ ಸಾಕ್ಷಿಯಿಲ್ಲ. ಕೊನೆಗೆ ‘ಶ್ರೀ ಸಾಲ್ಯಾನರ ನೋವು ಕುರ್ಚಿ ಇಡುವಷ್ಟು ದೊಡ್ಡದಲ್ಲ’ ಎಂಬ ಠರಾವನ್ನು ಸಂದೀಪ ಸೂಚಿಸಿ, ನೀಲಾವತಿಬಾಯಿ ಅನುಮೋದಿಸಿ, ಸಭೆ ಕೈ ಎತ್ತಿ, ಬಹುಮತದಿಂದ ಪಾಸು ಮಾಡಿ, ಬಟಾಟವಡೆ ತಿಂದಿತು. ಮರುದಿನ ಕುರ್ಚಿ ಹೋಯಿತು.

ಮಾನ್ಯರೇ, ತಮ್ಮನ್ನು ಹೊಗಳಲು ನನಗೆ ಮಾತು ಸಾಲದು. ಈ ನೋವಿಗಾಗಿ ನಾನು ಕಾಯದ ಆಸ್ಪತ್ರೆಯ ಬೆಂಚಿಲ್ಲ, ಹಚ್ಚದ ಎಣ್ಣೆಯಿಲ್ಲ. ದೊಡ್ಡ ದೊಡ್ಡ ಡಾಕ್ಟರುಗಳು “ಇದರ ಜೊತೆಗೇ ಬದುಕಲು ಕಲಿಯಿರಿ” ಎಂದು ಕೈಚೆಲ್ಲಿದ್ದನ್ನು ತಾವು ಒಂದು ಪ್ಲೇಟು ವಡೆ ತಣ್ಣಗಾಗುವುದರೊಳಗೆ ಇತ್ಯರ್ಥ ಮಾಡಿದಿರಿ. ಬಹುಮತಕ್ಕೆ ಇಷ್ಟು ಶಕ್ತಿ ಇದೆಯೆಂದು ಮೊದಲೇ ತಿಳಿದಿದ್ದರೆ, ಸೇವಂತಿ ಆಸ್ಪತ್ರೆಯಲ್ಲಿದ್ದ ಕೊನೆಯ ವಾರದಲ್ಲೇ ಒಂದು ಸ್ಪೆಷಲ್ ಮೀಟಿಂಗ್ ಕರೆಯಿಸುತ್ತಿದ್ದೆ.

ಈಗ ಉಳಿದಿರುವುದು ಒಂದು ಸಣ್ಣ ಟೆಕ್ನಿಕಲ್ ಅಡಚಣೆ ಮಾತ್ರ. ಠರಾವಿನ ವಿಷಯ ನೋವಿಗೆ ಇನ್ನೂ ತಿಳಿದಂತಿಲ್ಲ. ದಯಮಾಡಿ ಅದರ ಒಂದು ನಕಲನ್ನು, ಸಹಿ ಸಿಕ್ಕಾ ಸಮೇತ, ನನ್ನ ಸೊಂಟದ ವಿಳಾಸಕ್ಕೆ ಕಳಿಸಿಕೊಡಬೇಕು. ಅಲ್ಲದೆ ಈ ನೋವು ನನ್ನಲ್ಲಿ ಹನ್ನೊಂದು ತಿಂಗಳ ಬಾಡಿಗೆ ಕರಾರಿಲ್ಲದೆ, ಪೊಲೀಸ್ ವೆರಿಫಿಕೇಶನ್ ಇಲ್ಲದೆ, ಸೊಸೈಟಿಯ ಎನ್.ಓ.ಸಿ. ಇಲ್ಲದೆ ವರ್ಷಗಟ್ಟಲೆ ವಾಸವಾಗಿದೆ. ಬಾಡಿಗೆಯ ಬ್ಯಾಚುಲರ್ ಹುಡುಗರನ್ನು ತಾವು ಒಂದೇ ನೋಟಿಸಿಗೆ ಬಿಡಿಸುತ್ತೀರಿ, ಇದನ್ನೂ ಬಿಡಿಸಿ. ಅದೂ ಆಗದಿದ್ದರೆ, ಎರಡನೇ ಮತ್ತು ಮೂರನೇ ಮಾಳಿಗೆಯ ನಡುವೆ ಮೆಟ್ಟಿಲುಗಳೇ ಇಲ್ಲವೆಂದು ಇನ್ನೊಂದು ಠರಾವು ಪಾಸು ಮಾಡಿ. ನಾನು ಪಕ್ಷಭೇದವಿಲ್ಲದೆ ಕೈ ಎತ್ತುತ್ತೇನೆ. ಭುಜ ಇನ್ನೂ ಸರಿಯಿದೆ.

ಕುರ್ಚಿ ಹೋದಂದಿನಿಂದ ನಾನು ಕೆಳಗಿಳಿದಿಲ್ಲ. ಇಳಿಯುವುದು ಹೇಗೋ ಆಗುತ್ತದೆ, ಹತ್ತುವುದು ನೆನೆದರೆ ಕಾಲು ಮುಂದಾಗುವುದಿಲ್ಲ. ಸೀನ ಹೋಟೆಲಿನಿಂದ ಇಡ್ಲಿ ಪಾರ್ಸೆಲ್ ಕಳಿಸುತ್ತಾನೆ; ಕೆಲವು ದಿನ ತಾನೇ ಬಂದು ಕಂಪೌಂಡಿನಿಂದ “ಓ ಸಾಲ್ಯಾನ್ರೇ, ಜೀವ ಉಂಟಾ?” ಎಂದು ಬೊಬ್ಬೆ ಹೊಡೆಯುತ್ತಾನೆ. ಉಂಟು ಎನ್ನುತ್ತೇನೆ. ಪಾರ್ಸೆಲಿನಲ್ಲಿ ಚಟ್ನಿ ಬರುತ್ತದೆ ಮಾನ್ಯರೇ, ಹರಟೆ ಬರುವುದಿಲ್ಲ. ಮನೆಯೊಳಗೇ ಕೂತವನಿಗೆ ನೋವಿನ ಹೊರತು ಮಾತಾಡಿಸುವವರಿಲ್ಲ, ಅದಕ್ಕಾದರೋ ಒಂದೇ ವಿಷಯ. ಕುರ್ಚಿಯೆಂದರೆ ನನಗೆ ಆ ಹರಟೆ, ಆ ನಾಲ್ಕು ಜನರ ಮುಖ. ತಾವು ಜಿನಾದಿಂದ ಎತ್ತಿಸಿದ್ದು ಪ್ಲಾಸ್ಟಿಕ್ ಎಂದುಕೊಂಡಿದ್ದರೆ ತಿದ್ದಿಕೊಳ್ಳಬೇಕಾಗಿ ವಿನಂತಿ.

ಬಹುಮತದ ಪ್ರಕಾರ ಪೂರ್ಣ ಆರೋಗ್ಯವಂತನಾದ,
ತಮ್ಮ ವಿಶ್ವಾಸಿ,
ವಾಮನ ಸಾಲ್ಯಾನ್

ತಾ.ಕ.: ಸಹಿ ಹಾಕಿ ಮುಗಿಸುವಾಗ ಕೆಳಗಿನಿಂದ ನೀಲಾವತಿಬಾಯಿಯ ಕೂಗು ಕೇಳಿತು. ಮೆಟ್ಟಿಲ ಕಂಬಿ ಹಿಡಿದು ಇಳಿದು ನೋಡಿದರೆ, ತಿರುವಿನಲ್ಲಿ ಅವರ ಊಟದ ಮೇಜಿನ ಸಾಗುವಾನಿ ಕುರ್ಚಿ, ಮೇಲೊಂದು ದಿಂಬು. ಠರಾವನ್ನು ಅನುಮೋದಿಸಿದವರು ನೀವೇ ಅಲ್ಲವೇ ಬಾಯಿ ಎಂದೆ. “ಮೀಟಿಂಗಿನ್ಯಾಗ ಎಲ್ಲಾರೂ ಕೈ ಎತ್ತಿದ್ರು, ನಾನೂ ಎತ್ತೇನಿ. ಹಂಗಂತ ಮನಶ್ಯಾ ಮೆಟ್ಟಲ ಮ್ಯಾಲ ನಿಂತು ಒದ್ದಾಡಬೇಕೇನ್ರಿ? ಸುಮ್ನ ಕುಂಡ್ರಿ” ಎಂದು ಗದರಿದರು. ಕೂತೆ. ನಾಳೆ ಬೆಳಿಗ್ಗೆ ಸೀನನ ಹೋಟೆಲಿಗೆ ಹೋಗುವವನಿದ್ದೇನೆ. ಈ ಕುರ್ಚಿಯನ್ನೂ ಎತ್ತಿಸುವ ಮನಸ್ಸು ತಮಗಿದ್ದರೆ ಅಗತ್ಯವಾಗಿ ಬನ್ನಿ. ಬಾಯಿಯವರು ಮನೆಯಲ್ಲೇ ಇರುತ್ತಾರೆ, ಬಾಗಿಲು ತೆರೆದೇ ಇರುತ್ತದೆ. ಬರುವಾಗ ಬಹುಮತವನ್ನೂ ಕರೆತನ್ನಿ, ಒಬ್ಬರೇ ಬರಬೇಡಿ ಎಂದು ಹಿತೈಷಿಯಾಗಿ ಹೇಳುತ್ತಿದ್ದೇನೆ.