ತಳದ ಮೀನು ಕಚೇರಿ ವೇಳೆಯಲ್ಲಿ ಊಟಕ್ಕೆ ಹಾಜರಾಗತಕ್ಕದ್ದು

ಸಂಖ್ಯೆ: ಆಡಳಿತ/ಮೀ.ತೊ./11/2024-25
ಬಂಗಾರಪೇಟೆ, ದಿನಾಂಕ: 20-11-2024

ಸುತ್ತೋಲೆ

ವಿಷಯ: ಸ್ವಾಗತ ಕೊಠಡಿಯ ಮೀನಿನ ತೊಟ್ಟಿಯ ತಳದಲ್ಲಿ ವಾಸವಿರುವ, ಸಂಕೋಚ ಸ್ವಭಾವದ, ಮೀಸೆಯುಳ್ಳ ಕ್ಯಾಟ್‌ಫಿಶ್ (ಒಂದು) ಇದಕ್ಕೆ ಆಹಾರ ನೀಡುವ ಕ್ರಮದ ಬಗ್ಗೆ.

ಉಲ್ಲೇಖ: 1) ಮೀನುಗಳ ಹಾಜರಾತಿ ಪುಸ್ತಕ.
2) ಗ್ರೂಪ್ ಡಿ ನೌಕರರಾದ ಕಾಂತಮ್ಮ ಇವರ ಮೌಖಿಕ ಸಮಜಾಯಿಷಿ, ದಿನಾಂಕ 13-11-2024.
3) ತಳ ವೀಕ್ಷಣಾ ಸಮಿತಿಯ ವರದಿ.

*

ದಿನಾಂಕ 12-11-2024ರ ಸಂಜೆ 5.10ಕ್ಕೆ, ಸ್ವಾಗತ ಕೊಠಡಿಯ ನೆಲವನ್ನು ಅರ್ಧ ಒರೆಸಿ, ಇನ್ನರ್ಧ ಬಾಕಿ ಇರುವಾಗಲೇ, ಉಲ್ಲೇಖ (2)ರ ನೌಕರರು ಒರೆಸುವ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ತೊಟ್ಟಿಯ ದೀಪ ಆರಿಸಿ, ಸೊಂಟಕ್ಕೆ ಸಿಕ್ಕಿಸಿದ್ದ ಪೊಟ್ಟಣದಿಂದ ಮುಳುಗುವ ಮೀನಾಹಾರದ ಗುಳಿಗೆ ಎರಡನ್ನು ನೀರಿಗೆ ಬಿಟ್ಟು, ಎಂಟು ನಿಮಿಷ ಸುಮ್ಮನೆ ನಿಂತಿದ್ದುದು ಕಂಡುಬಂದಿರುತ್ತದೆ. ಸದರಿಯವರು ಮಾರಿಕುಪ್ಪಂ ರೈಲು ಹಿಡಿಯಬೇಕಾದವರು. ಸುಮ್ಮನೆ ನಿಲ್ಲುವುದು ಅವರ ಕರ್ತವ್ಯಗಳ ಪಟ್ಟಿಯಲ್ಲಿ ಇರುವುದಿಲ್ಲ.

ಸಮಜಾಯಿಷಿ ಕೇಳಲಾಗಿ, ಅವರು ಹೇಳಿದ್ದನ್ನು ಯಥಾವತ್ತಾಗಿ ಬರೆದುಕೊಳ್ಳಲಾಗಿದೆ: "ಸಾ, ಆ ಮೀಸೆ ಮೀನ್ಗೆ ನಾಚ್ಕೆ. ಬೆಳ್ಕಿದ್ರೆ ಆಚ್ಗೇ ಬರಲ್ಲ. ನೀವು ಮೇಲೆ ಆಕೋ ಕಾಳೆಲ್ಲ ಆ ಕೆಂಪ್ಗಿರೋವೇ ನುಂಗಾಕ್ತವೆ, ಇದುಕ್ಕೆ ಒಂದೂ ಸಿಕ್ಕಲ್ಲ. ದೀಪ ಆರ್ಸಿದ್ರೆ ಮೆಲ್ಲುಗ್ ಬಂದು ತಿಂತದೆ. ನಮ್ಮನೇಲಿ ನಾನೂ ಅಂಗೇ ಸಾ, ಎಲ್ಲಾರ್ದೂ ಆದ್ಮೇಲೆ. ನೀನು ಉಂಡ್ಯಾ ಅಂತ ಕೇಳೋರ್ಯಾರು?"

ಇದರ ಕೊನೆಯ ಎರಡು ವಾಕ್ಯಗಳು ವಿಷಯಕ್ಕೆ ಸಂಬಂಧಪಡದ ಕಾರಣ ಅವುಗಳನ್ನು ಕಡತದಿಂದ ಕೈಬಿಡಲಾಗಿದೆ. ಕೈಬಿಟ್ಟಿದ್ದು ಯಾವುದೆಂದು ಎಲ್ಲರಿಗೂ ತಿಳಿಯಲೆಂದು ಮೇಲೆ ಪೂರ್ಣವಾಗಿ ನಮೂದಿಸಲಾಗಿದೆ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ತೊಟ್ಟಿಯಲ್ಲಿ ಒಂಬತ್ತು ಮೀನುಗಳಿದ್ದು, ಪ್ರತಿದಿನ ಬೆಳಿಗ್ಗೆ 11ಕ್ಕೆ ಎಣಿಸಿದಾಗ ಎಂಟು ಮಾತ್ರ ಸಿಗುತ್ತಿವೆ. ಒಂಬತ್ತನೆಯದು ನಲವತ್ತೇಳು ದಿನಗಳಿಂದ ಅನಧಿಕೃತ ಗೈರುಹಾಜರಿಯಲ್ಲಿದೆ. ಅದು ತೊಟ್ಟಿ ಬಿಟ್ಟು ಎಲ್ಲಿಗೂ ಹೋಗಿಲ್ಲವೆಂಬ ವಾದವನ್ನು ಪರಿಶೀಲಿಸಲಾಗಿ, ಕಚೇರಿಯೊಳಗೇ ಇದ್ದು ಯಾರ ಕಣ್ಣಿಗೂ ಬೀಳದಿರುವ ಸೌಲಭ್ಯ ಹಿರಿಯ ಅಧಿಕಾರಿಗಳಿಗೆ ಮಾತ್ರ ಲಭ್ಯವೆಂದು ಸ್ಪಷ್ಟಪಡಿಸಲಾಗಿದೆ.

2. ಆಹಾರವನ್ನು ಬೆಳಿಗ್ಗೆ 11.15ರಿಂದ 11.20ರವರೆಗೆ, ದೀಪದ ಬೆಳಕಿನಲ್ಲಿ, ನೀರಿನ ಮೇಲ್ಭಾಗದಲ್ಲಿ ನೀಡಲಾಗುವುದು. ತಳದಲ್ಲಿ ವಾಸಿಸುವವರು ಮೇಲೆ ಬಂದು ಪಡೆಯತಕ್ಕದ್ದು. ಮೀಸೆ ಇದೆಯೆಂದು ವಿನಾಯಿತಿ ಕೋರುವಂತಿಲ್ಲ.

3. ತೇಲುವ ಕಾಳುಗಳನ್ನು ಮಾತ್ರ ಬಳಸುವುದು. ಮುಳುಗಿದ ಆಹಾರ ಯಾರಿಗೆ ತಲುಪಿತೆಂದು ಖಚಿತಪಡಿಸಿಕೊಳ್ಳಲು ಮೇಲಧಿಕಾರಿಗಳು ಬಗ್ಗಬೇಕಾಗುತ್ತದೆ.

4. ತೊಟ್ಟಿಯ ಮೂಲೆಯಲ್ಲಿ ಒಡೆದ ಮಡಕೆಯ ಚೂರೊಂದನ್ನು ಬೋರಲಾಗಿ ಇಟ್ಟಿದ್ದು, ಸದರಿ ಮೀನು ಅದರಡಿ ವಾಸವಿರುತ್ತದೆ. ಇದು ಅನಧಿಕೃತ ನಿರ್ಮಾಣ. ಏಳು ದಿನಗಳ ನೋಟಿಸನ್ನು ಹೊರಗಿನ ಗಾಜಿಗೆ ಅಂಟಿಸಿದರೂ ಮೀನಿನಿಂದ ಉತ್ತರ ಬಂದಿಲ್ಲ. ಅಕ್ರಮ-ಸಕ್ರಮದಡಿ ಅರ್ಜಿ ಸಲ್ಲಿಸುವುದಿದ್ದಲ್ಲಿ ಖುದ್ದಾಗಿ ಬರುವುದು.

5. ತಳ ವೀಕ್ಷಣಾ ಸಮಿತಿಯು ಮೂರು ದಿನ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿತ್ತು. ಸಮಿತಿಯ ಸದಸ್ಯರೂ ಜೀಪಿನ ಚಾಲಕರೂ ಆದ ಕೋದಂಡಪ್ಪನವರು "ಲೇ, ಆಚ್ಗ್ ಬಾರ್ಲಾ! ಸಾಯೇಬ್ರು ಎಷ್ಟೊತ್ತು ಕಾಯ್ಬೇಕ್ಲಾ ನಿಂಗೆ?" ಎಂದು ಮೂರು ಬಾರಿ ಮೌಖಿಕ ಆದೇಶ ನೀಡಿ, ಭಾಷೆ ತಿಳಿಯದಿರಬಹುದೆಂದು ತಮಿಳಿನಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಅದನ್ನೇ ಹೇಳಿರುತ್ತಾರೆ. ಅಲ್ಲಿಯವರೆಗೆ ಕಾಣುತ್ತಿದ್ದ ಮೀಸೆಯ ತುದಿಯನ್ನೂ ಮೀನು ಒಳಗೆಳೆದುಕೊಂಡಿರುತ್ತದೆ. ಸಮಿತಿಯವರು ಬೋಂಡ ತಿನ್ನುವಾಗ ಉಳಿದ ಎಂಟೂ ಮೀನುಗಳು ಗಾಜಿನ ಬಳಿ ಬಂದು ಶಿಸ್ತಿನಿಂದ ನೋಡಿರುತ್ತವೆ.

6. ಸದರಿ ಮೀನು ದಿನಾಂಕ 29-11-2024ರ 11.15ಕ್ಕೆ ಎಲ್ಲರೆದುರು ಬಂದು ಉಣ್ಣದಿದ್ದಲ್ಲಿ ಅದು ಸತ್ತಿದೆ ಎಂದು ದಾಖಲಿಸಲಾಗುವುದು. ಮರುದಿನ ಮಡಕೆ ಚೂರನ್ನು ತೆರವುಗೊಳಿಸಿ, ತೊಟ್ಟಿ ಬರಿದು ಮಾಡಿ, ಎಂಟು ಮೀನುಗಳಿಗೆ ಮಾತ್ರ ಹೊಸ ನೀರು ತುಂಬಲಾಗುವುದು. ಆ ವೇಳೆ ಒಂಬತ್ತನೆಯದು ಒದ್ದಾಡುತ್ತಿದ್ದರೂ ಜೀವಂತವೆಂದು ಪರಿಗಣಿಸತಕ್ಕದ್ದಲ್ಲ, ದಾಖಲೆ ತಿದ್ದಲು ಅವಕಾಶವಿಲ್ಲ.

7. ಅಲ್ಲಿಯವರೆಗೆ ಯಾರೂ ತೊಟ್ಟಿಯ ದೀಪ ಆರಿಸಕೂಡದು. ತೊಟ್ಟಿಯ ಮುಂದೆ ಒಂದು ನಿಮಿಷಕ್ಕಿಂತ ಹೆಚ್ಚು ಸುಮ್ಮನೆ ನಿಲ್ಲಬಯಸುವ ಮಹಿಳಾ ಸಿಬ್ಬಂದಿ, ನಿಂತು ಏನನ್ನು ಯೋಚಿಸಲಿದ್ದಾರೆ ಎಂಬುದನ್ನು ಮೂರು ದಿನ ಮುಂಚಿತವಾಗಿ ಬರೆದುಕೊಟ್ಟು ಅನುಮತಿ ಪಡೆಯುವುದು. ಯೋಚನೆ ನಡುವೆ ಬದಲಾದಲ್ಲಿ ಹೊಸ ಅರ್ಜಿ.

8. ಈ ಸುತ್ತೋಲೆಯು ಸೂಚನಾ ಫಲಕದಲ್ಲಿ ಅಂಟಿಸಿದ ಗಳಿಗೆಯಿಂದ ಜಾರಿಗೆ ಬರುತ್ತದೆ. ಅಂಟಿಸುವವರೆಗೆ, ಗಡುವೂ ಸೇರಿದಂತೆ, ಮೇಲಿನ ಯಾವುದೂ ಯಾರಿಗೂ ಅನ್ವಯಿಸುವುದಿಲ್ಲ. ಫಲಕದ ಗಾಜಿನ ಬಾಗಿಲಿಗೆ ಬೀಗವಿದ್ದು, ಇರುವ ಒಂದೇ ಕೀಲಿಕೈ ಕಾಂತಮ್ಮನವರ ಬಳಿ ಇರುವುದರಿಂದ, ಅಂಟಿಸುವ ಹೊಣೆಯನ್ನು ಅವರಿಗೇ ವಹಿಸಲಾಗಿದೆ.

ಸಹಿ/-
(ವಿಶ್ವನಾಥ್)
ಕಚೇರಿ ಅಧೀಕ್ಷಕರು (ಪ್ರಭಾರ) ಹಾಗೂ
ಅಧ್ಯಕ್ಷರು, ತಳ ವೀಕ್ಷಣಾ ಸಮಿತಿ

ಪ್ರತಿಗಳು:
1. ಎಲ್ಲ ಶಾಖೆಗಳಿಗೆ, ಓದಿ ಮುಂದಿನ ಮೇಜಿಗೆ ದಾಟಿಸಲು.
2. ಶ್ರೀ ಕೋದಂಡಪ್ಪ, ಚಾಲಕರು, ಮೂರೂ ಭಾಷೆಗಳಲ್ಲಿ ಮೀನಿಗೆ ತಿಳಿಯಪಡಿಸಲು.
3. ಸದರಿ ಮೀನಿಗೆ, ಹೊರಗಿನ ಗಾಜಿನ ಮೇಲೆ, ಬರಹ ಒಳಮುಖವಾಗಿ.
4. ಉಳಿದ ಎಂಟು ಮೀನುಗಳಿಗೆ, ಮೆಚ್ಚುಗೆಯೊಂದಿಗೆ.
5. ಶ್ರೀಮತಿ ಕಾಂತಮ್ಮ, ಗ್ರೂಪ್ ಡಿ, ಫಲಕದಲ್ಲಿ ಅಂಟಿಸಲು.
6. ಕಚೇರಿ ಪ್ರತಿ.

ಬಟವಾಡೆ ಷರಾ (ಭಾರ್ಗವಿ, ಟಪಾಲು ಶಾಖೆ): ಐದನೇ ಪ್ರತಿಯನ್ನು ಇಂದು ಸಂಜೆ 5.10ಕ್ಕೆ, ಸದರಿಯವರು ನೆಲ ಒರೆಸುತ್ತಿದ್ದಾಗ, ಕೈಗೆ ಕೊಡಲಾಯಿತು. ಎಂಟನೇ ಸೂಚನೆಯನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು. ಪ್ರತಿಯನ್ನು ನಾಲ್ಕಾಗಿ ಮಡಚಿ ಊಟದ ಚೀಲದೊಳಗೆ, ಡಬ್ಬಿಯ ಅಡಿಗೆ ಇಟ್ಟುಕೊಂಡರು. ತೊಟ್ಟಿಯ ದೀಪ ಆರಿಸಿದರು.